ಮನಸ್ಸು ಓದಲು ಹೊರಟವರೇ, ಮಾತು ಕಲಿಯಿರಿ!

ಕನ್ನಡದ ಹುಡುಗ ಹುಡುಗಿಯರೇ,

ಪಿ.ಯು.ಸಿ. ಮುಗಿಸಿ ಡಿಗ್ರಿ ಅರ್ಜಿ ಹಿಡಿದು ನಿಂತಿದ್ದೀರಿ. 'ಸೈಕಾಲಜಿ ತಗೋತೀನಿ' ಅಂದರೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: 'ಹುಚ್ಚರ ಜೊತೆ ಇರ್ತೀಯಾ?' ಗೆಳೆಯರದ್ದು ಇನ್ನೊಂದು: 'ನನ್ನ ಮನಸ್ಸಲ್ಲಿ ಏನಿದೆ, ಹೇಳು ನೋಡೋಣ!'

ಎರಡೂ ತಪ್ಪು. ಮನಶ್ಶಾಸ್ತ್ರ ಕಣಿ ಹೇಳುವ ವಿದ್ಯೆಯಲ್ಲ. ನೆನಪು ಹೇಗೆ ಉಳಿಯುತ್ತದೆ, ಮಗು ಮಾತು ಹೇಗೆ ಕಲಿಯುತ್ತದೆ, ಗುಂಪಿನಲ್ಲಿ ಮನುಷ್ಯ ಏಕೆ ಬದಲಾಗುತ್ತಾನೆ ಎಂಬುದನ್ನು ಪ್ರಯೋಗ ಮಾಡಿ, ಅಳೆದು, ಲೆಕ್ಕ ಹಾಕಿ ಹೇಳುವ ಶಾಸ್ತ್ರ. ಗಣಿತಕ್ಕೆ ಹೆದರಿ ಇತ್ತ ಓಡಿಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ, ಸಂಖ್ಯಾಶಾಸ್ತ್ರ ಇಲ್ಲೂ ಬೆನ್ನು ಬಿಡುವುದಿಲ್ಲ.

ಈ ವಿದ್ಯೆ ನಮಗೆ ನಿನ್ನೆ ಮೊನ್ನೆಯದೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದು 'ಆಕಾಶವಾಣಿ' ಎಂಬ ಹೆಸರನ್ನು ನಾಡಿನ ಕಿವಿಗೆ ಹಾಕಿದವರೂ ಇದೇ ಮೇಷ್ಟ್ರು! ಅದೇ ದಶಕದಲ್ಲಿ ವಿ.ವಿ. ಕಾಮತ್ ಎಂಬುವರು ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಪ್ಯಾರಿಸ್ಸಿನಲ್ಲಿ ಹುಟ್ಟಿದ ಪ್ರಶ್ನೆಯನ್ನು ಹಾಗೇ ತಂದು ನಮ್ಮ ಮಗುವಿನ ಮುಂದಿಟ್ಟರೆ ಅಳೆಯುವುದು ಬುದ್ಧಿಯನ್ನಲ್ಲ, ಪರಭಾಷೆಯ ಪರಿಚಯವನ್ನು. 'ಕೊರವಂಜಿ' ಪತ್ರಿಕೆಯಿಂದ ನಾಡನ್ನೇ ನಗಿಸಿದ ವೈದ್ಯ ಎಂ. ಶಿವರಾಂ ಮನಸ್ಸಿನ ಬಗ್ಗೆ ಕನ್ನಡದಲ್ಲೇ 'ಮನಮಂಥನ' ಬರೆದು 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. 'ಕನ್ನಡದಲ್ಲಿ ವಿಜ್ಞಾನ ಆಗಲ್ಲ' ಅನ್ನುವವರಿಗೆ ಇಷ್ಟು ಸಾಕಲ್ಲವೇ?

ಈಗ ವಿಷಯಕ್ಕೆ ಬನ್ನಿ. 'ಹೊಟ್ಟೆ ಉರೀತದೆ ಕಣಪ್ಪಾ' ಎಂದು ಒಬ್ಬ ಅಜ್ಜಿ ಹೇಳುತ್ತಾಳೆ ಅಂದುಕೊಳ್ಳಿ. ಅದು ಆಮ್ಲದ ಉರಿಯೋ, ಪಕ್ಕದ ಮನೆಯವರ ಮೇಲಿನ ಅಸೂಯೆಯೋ, ಮಗನನ್ನು ಕಳೆದುಕೊಂಡ ಸಂಕಟವೋ? ಮೂರಕ್ಕೂ ಮಾತು ಒಂದೇ. ದನಿ ಕೇಳಿ, ಮುಖ ನೋಡಿ, ಹಿಂದುಮುಂದು ತಿಳಿದು ಅರ್ಥ ಮಾಡಿಕೊಳ್ಳಬೇಕು. ಪಠ್ಯಪುಸ್ತಕದ ಇಂಗ್ಲಿಷನ್ನಷ್ಟೇ ಉರು ಹೊಡೆದು ಪಾಸಾದವರು ಅಲ್ಲಿ ಏನು ಮಾಡುತ್ತಾರೆ? ದುಭಾಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರಾದರೂ ಅಳುತ್ತಾರೆಯೇ?

2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಸುಮಾರು 10 ಮಂದಿಗೆ ಮಾನಸಿಕ ಕಾಯಿಲೆಯಿತ್ತು. ಬಹುಪಾಲು ಜನ ಚಿಕಿತ್ಸೆಯನ್ನೇ ಕಂಡಿರಲಿಲ್ಲ. 2022ರಲ್ಲಿ ಟೆಲಿ ಮಾನಸ್ ಸಹಾಯವಾಣಿ ಬಂತು, ಸಂಖ್ಯೆ 14416. ರಾತ್ರಿ ಎರಡು ಗಂಟೆಗೆ ಆ ಸಂಖ್ಯೆ ಒತ್ತುವ ರಾಯಚೂರಿನ ರೈತನಿಗೆ ಬೇಕಾದದ್ದು ಆತನ ಕನ್ನಡ ತಿಳಿಯುವ ಕಿವಿ. ಆ ಕಿವಿ ನಿಮ್ಮದಾಗಬೇಕು.

ನ್ಯಾಯ ಎಲ್ಲರಿಗೂ ಒಂದೇ. ಬೆಂಗಳೂರಿನ ಉರ್ದು, ತಮಿಳು, ತೆಲುಗು ಮನೆಯ ತಾಯಿಗೂ ಅವಳ ಮಾತಿನಲ್ಲೇ ದುಃಖ ಹೇಳಿಕೊಳ್ಳುವ ಹಕ್ಕಿದೆ. ಇನ್ನೊಂದು ಭಾಷೆ ಬಂದರೆ ಬರಲಿ, ಕಲಿಯಿರಿ. ಇಂಗ್ಲಿಷ್ ಪುಸ್ತಕವನ್ನೂ ಬಿಡಬೇಡಿ. ಆದರೆ ಕನ್ನಡ ಬಿಟ್ಟು ಅದನ್ನು ಹಿಡಿಯಬೇಡಿ.

ಮೇಜರ್ರೋ ಮೈನರ್ರೋ ಎಂಬ ಗೊಂದಲ ಬೇರೆ. ನಮ್ಮ ರಾಜ್ಯಕ್ಕೆ 2021ರಲ್ಲಿ ಬಂದ ನಾಲ್ಕು ವರ್ಷದ ಪದ್ಧತಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿತು. ಹೆಸರು ಏನೇ ಇರಲಿ, ಲೆಕ್ಕ ಸರಳ. ಇದೇ ನಿಮ್ಮ ವೃತ್ತಿಯಾಗಬೇಕೆಂದರೆ ಮುಖ್ಯ ವಿಷಯ ಮಾಡಿಕೊಳ್ಳಿ. ಬಿ.ಎ. ಮುಗಿದ ಮಾತ್ರಕ್ಕೆ ಬೋರ್ಡು ತೂಗುಹಾಕುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ, ನೋಂದಣಿ ಬೇಕು. ಅಷ್ಟು ವರ್ಷ ಕಾಯುವ ತಾಳ್ಮೆ, ಮನೆಯಲ್ಲಿ ಅಷ್ಟು ಅನುಕೂಲ ಇದೆಯೇ? ಈಗಲೇ ಕೂತು ಯೋಚಿಸಿ. ಮೇಷ್ಟ್ರು, ಪತ್ರಕರ್ತ, ಸಮಾಜ ಕಾರ್ಯಕರ್ತ ಆಗುವ ಆಸೆಯಿದ್ದರೆ ಎರಡನೇ ವಿಷಯವಾಗಿ ಓದಿ, ಅದೂ ವ್ಯರ್ಥವಲ್ಲ.

ಯಾವುದೇ ಆರಿಸಿಕೊಳ್ಳಿ, ಒಂದು ನೋಟ್‌ಬುಕ್ ಇಡಿ. ಎಡಪುಟದಲ್ಲಿ ತರಗತಿಯ ಪಾರಿಭಾಷಿಕ ಪದ, ಬಲಪುಟದಲ್ಲಿ ಅದಕ್ಕೆ ನಿಮ್ಮ ಅಜ್ಜಿ, ಆಟೋ ಚಾಲಕ, ಹಾಸ್ಟೆಲಿನ ಗೆಳೆಯ ಹೇಳುವ ಮಾತು. ಪರೀಕ್ಷೆ ಕನ್ನಡದಲ್ಲಿ ಬರೆಯಬಹುದೇ ಎಂದು ಕಾಲೇಜಿನಲ್ಲಿ ನಾಚಿಕೆಯಿಲ್ಲದೆ ಕೇಳಿ. ಇಲ್ಲ ಅಂದರೆ ಏಕಿಲ್ಲ ಎಂದು ಕೇಳಿ.

ಕನ್ನಡಕ್ಕಾಗಿ ಬೀದಿಗಿಳಿಯುವವರು ಬೇಕು, ನಿಜ. ಮುಚ್ಚಿದ ಕೋಣೆಯಲ್ಲಿ ಕೂತು, ಕನ್ನಡದಲ್ಲಿ ಅಳುವವರ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವವರೂ ಬೇಕು. ಆ ಕುರ್ಚಿ ಖಾಲಿಯಿದೆ. ಬಂದು ಕೂರುತ್ತೀರಾ?