ಶಿಖರದ ಬುಡಕ್ಕೆ ಗುಂಡು ಹೊತ್ತವರು

ಪ್ರತಿ ವರ್ಷ ಜುಲೈ 26ರ ಕಾರ್ಗಿಲ್ ವಿಜಯ ದಿವಸದಂದು ತೊಲೊಲಿಂಗ್, ಟೈಗರ್ ಹಿಲ್ ಗೆದ್ದ ವೀರರ ಸ್ಮರಣೆ ನಡೆಯುತ್ತದೆ. ಅದು ನಡೆಯಲೇಬೇಕು. ಆದರೆ ಆ ಶಿಖರಗಳ ಬುಡಕ್ಕೆ ಅಕ್ಕಿ, ಸೀಮೆಎಣ್ಣೆ, ಮದ್ದುಗುಂಡು ತಲುಪಿಸಿದವರ ಮಾತು ಭಾಷಣಗಳಲ್ಲಿ ಬರುವುದು ಕಡಿಮೆ.

1999ರ ಯುದ್ಧ ನಡೆದದ್ದೇ ಒಂದು ರಸ್ತೆಯ ಸಲುವಾಗಿ ಎಂದರೂ ತಪ್ಪಾಗದು. ಶ್ರೀನಗರ-ಲೇಹ್ ಹೆದ್ದಾರಿ ಶತ್ರುವಿನ ಕಣ್ಣಳತೆಯಲ್ಲಿತ್ತು. ಮೇ ತಿಂಗಳಲ್ಲಿ ಕಾರ್ಗಿಲ್‌ನ ಮದ್ದುಗುಂಡು ಸಂಗ್ರಹವೇ ಶೆಲ್ ದಾಳಿಗೆ ಆಹುತಿಯಾಯಿತು. ದ್ರಾಸ್ ಬಳಿ ಲಾರಿಗಳು ರಾತ್ರಿ ದೀಪ ಆರಿಸಿಕೊಂಡು ಸಾಗಬೇಕಾಯಿತು. ರಸ್ತೆ ಮುಗಿದಲ್ಲಿಂದ ಹೇಸರಗತ್ತೆ, ಅದೂ ಹತ್ತಲಾರದ ಕಡೆ ಸ್ಥಳೀಯ ಕೂಲಿಗಳ ಬೆನ್ನು. ಬೊಫೋರ್ಸ್ ಫಿರಂಗಿಯನ್ನು ಎಲ್ಲರೂ ಹೊಗಳಿದರು. ಅದರ ಒಂದೊಂದು ಶೆಲ್ 40 ಕಿಲೋಗೂ ಹೆಚ್ಚು ಭಾರ. ಫಿರಂಗಿ ದಳ ಆ ಯುದ್ಧದಲ್ಲಿ ಹಾರಿಸಿದ ಶೆಲ್, ರಾಕೆಟ್‌ಗಳು ಸುಮಾರು 2.5 ಲಕ್ಷ. ಅಷ್ಟನ್ನೂ ಯಾರೋ ಏರಿಸಿ ಇಳಿಸಿದ್ದಾರೆ. ಇಂಥ ಸಾಗಾಟದ ಹೊಣೆ ಹೊತ್ತ ಆರ್ಮಿ ಸರ್ವಿಸ್ ಕೋರ್‌ನ ತರಬೇತಿ ಕೇಂದ್ರ ಬೆಂಗಳೂರಿನಲ್ಲೇ ಇದೆ ಎಂಬುದು ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು?

2020ರಲ್ಲಿ ಗಲ್ವಾನ್ ಘರ್ಷಣೆಯ ನಂತರ ಹತ್ತಾರು ಸಾವಿರ ಯೋಧರು ಹೆಚ್ಚುವರಿಯಾಗಿ ಲಡಾಖ್‌ಗೆ ಹೋದಾಗ ಇದೇ ಸವಾಲು ಮತ್ತೆ ಎದುರಾಯಿತು. ಹಿಮ ಬೀಳುವ ಮೊದಲೇ ಪಡಿತರ, ಇಂಧನ, ಬೆಚ್ಚನೆಯ ಉಡುಪು ಸೇರಬೇಕಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆಯಿತು, 2025ರ ಜನವರಿಯಲ್ಲಿ ಸೋನಾಮಾರ್ಗ್ ಸುರಂಗ. ಸುಮಾರು 11,500 ಅಡಿ ಎತ್ತರದ ಜೋಜಿಲಾದ ಸುರಂಗದಲ್ಲೂ ವಾಹನ ಓಡಿದರೆ ಚಳಿಗಾಲದ ದಾಸ್ತಾನಿನ ಚಿಂತೆ ಬಹುಪಾಲು ನೀಗೀತು. ಸುರಂಗದ ಖರ್ಚು ದುಬಾರಿ ಎನ್ನುವವರು ವಿಮಾನದಲ್ಲಿ ಅಕ್ಕಿ ಸಾಗಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಲಿ.