ಹುಲಿಯನ್ನು ಕಟ್ಟಿಹಾಕುವ ಕುರಿ: ಹಂಪಿಯ ಹಾಸುಗಲ್ಲಿನ ಪಾಠ

ಹಂಪಿಯನ್ನು ಅಧ್ಯಯನ ಮಾಡಲು ಬರುವವರ ದೃಷ್ಟಿ ಬಹುಮಟ್ಟಿಗೆ ಮೇಲ್ಮುಖವಾಗಿರುತ್ತದೆ. ಗೋಪುರ, ಕಂಬದ ಶಿಲ್ಪ, ಭುವನೇಶ್ವರಿ, ಗೋಡೆಯ ಶಾಸನ ಇವೆಲ್ಲ ವಿದ್ವಾಂಸರ ಟಿಪ್ಪಣಿಗಳಲ್ಲಿ ಸ್ಥಾನ ಪಡೆದಿವೆ. ಕಾಲಡಿಯ ಹಾಸುಗಲ್ಲುಗಳಲ್ಲಿಯೂ ಮಂಟಪಗಳ ಜಗಲಿಗಳಲ್ಲಿಯೂ ಕೊರೆದಿರುವ ಗೆರೆಗಳಿಗೆ ಆ ಭಾಗ್ಯ ದೊರೆತದ್ದು ಕಡಿಮೆ. ಅವು ಆಟದ ಮನೆಗಳು. ಕೆಲವು ಅಳಗುಳಿಯ ಕುಳಿಗಳು, ಕೆಲವು ಚೌಕಾಬಾರದ ಚೌಕಗಳು. ಮತ್ತೆ ಕೆಲವು ತ್ರಿಕೋನವೊಂದನ್ನು ಅಡ್ಡಗೆರೆಗಳು ಸೀಳಿದಂತಿರುವ ಹುಲಿ-ಕುರಿ ಆಟದ ನಕ್ಷೆಗಳು. ಈ ಮೂರನೆಯದನ್ನು ಕೇವಲ ಕಾಲಹರಣದ ಕುರುಹೆಂದು ಬದಿಗೆ ಸರಿಸುವುದು ಸರಿಯಲ್ಲ. ದುರ್ಬಲನೆಂದು, ನಗೆಪಾಟಲಿನವನೆಂದು ಬಗೆದ ಎದುರಾಳಿ ಹೇಗೆ ಅಪಾಯಕಾರಿಯಾಗುತ್ತಾನೆ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೊರೆಯುವ ಅತ್ಯಂತ ಸ್ಪಷ್ಟವಾದ ಉತ್ತರ ಆ ಗೆರೆಗಳಲ್ಲಿದೆ.

ಆಟದ ಕ್ರಮ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಹೆಚ್ಚು ಪ್ರಚಲಿತವಾದ ರೂಪದಲ್ಲಿ 23 ಮನೆಗಳು, 3 ಹುಲಿಗಳು, 15 ಕುರಿಗಳು. ಹುಲಿಗಳು ತ್ರಿಕೋನದ ತುದಿಯ ಬಳಿ ಮೊದಲೇ ನೆಲೆಗೊಂಡಿರುತ್ತವೆ. ಕುರಿಗಳು ಒಂದೊಂದಾಗಿ ಕಣಕ್ಕಿಳಿಯಬೇಕು. ಎಲ್ಲವೂ ಇಳಿಯುವವರೆಗೆ ಒಂದೂ ಕದಲುವಂತಿಲ್ಲ. ಪಕ್ಕದ ಕುರಿಯ ಆಚೆಗೆ ಅದೇ ಗೆರೆಯಲ್ಲಿ ಖಾಲಿ ಮನೆಯಿದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಕುರಿಗೆ ತಿನ್ನುವ ಹಕ್ಕಿಲ್ಲ. ಅದು ಮಾಡಬಲ್ಲದ್ದು ಒಂದೇ: ಹುಲಿ ಅಲುಗಾಡದಂತೆ ದಾರಿ ಮುಚ್ಚುವುದು. ಮೂರು ಹುಲಿಗಳಿಗೂ ನಡೆ ಇಲ್ಲದಂತಾದರೆ ಕುರಿಗಳ ಪಕ್ಷ ಗೆದ್ದಂತೆ.

ಮೊದಲ ನೋಟಕ್ಕೆ ಇದು ಅಸಮಾನರ ಕಾಳಗ. ಕನ್ನಡದ ನುಡಿಯೂ ಕುರಿಯ ಪರವಾಗಿಲ್ಲ. ಮೋಸಹೋದವನನ್ನು ಕುರಿ ಎನ್ನುತ್ತೇವೆ. ವಿವೇಚನೆಯಿಲ್ಲದ ಗುಂಪನ್ನು ಕುರಿಮಂದೆ ಎನ್ನುತ್ತೇವೆ. ಆದರೆ ಆಟದ ಲೆಕ್ಕ ಬೇರೆಯೇ ಇದೆ. ಒಂದೂ ಕುರಿ ಸಾಯದೆ ಹದಿನೈದೂ ಕಣಕ್ಕಿಳಿದರೆ ಉಳಿಯುವ ಖಾಲಿ ಮನೆಗಳು ಕೇವಲ 5. ಹುಲಿಯ ಬಲವೆಲ್ಲ ಅದರ ನೆಗೆತದಲ್ಲಿದೆ. ನೆಗೆತಕ್ಕೆ ಬೇಕಾದದ್ದು ಕುರಿಯ ಬೆನ್ನ ಹಿಂದಿನ ಶೂನ್ಯ. ಆ ಶೂನ್ಯದಲ್ಲಿ ಇನ್ನೊಂದು ಕುರಿ ನಿಂತೊಡನೆ ಹುಲಿಯ ಪರಾಕ್ರಮ ನಿರರ್ಥಕವಾಗುತ್ತದೆ. ಅಂದರೆ ಕುರಿಯ ಶಕ್ತಿ ಕುರಿಯೊಳಗಿಲ್ಲ, ಅದರ ಹಿಂದೆ ನಿಂತ ಕುರಿಯಲ್ಲಿದೆ. ಪಳಗಿದ ಆಟಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ಕುರಿಯನ್ನು ಬೇಕೆಂದೇ ಬಲಿಕೊಡುತ್ತಾರೆ. ತಿಂದ ಹುಲಿ ಮೂಲೆಗೆ ಸಿಕ್ಕಿಬೀಳುತ್ತದೆ. ಅಲ್ಲಿ ಅದನ್ನು ಸೋಲಿಸಿದ್ದು ಅದರದೇ ಹಸಿವು.

ಚದುರಂಗದಲ್ಲಿಯೂ ಪದಾತಿಗೆ ಇಂಥ ಮಹಿಮೆ ಇದೆಯಲ್ಲವೇ ಎಂದು ಕೇಳಬಹುದು. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಿಂದ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯವರೆಗೆ ಅರಮನೆಯು ಮಣೆಯಾಟಗಳನ್ನು ಆದರದಿಂದ ದಾಖಲಿಸಿದೆ. ಆದರೆ ಚದುರಂಗದ ಕಾಲಾಳು ಕೊನೆಯ ಮನೆ ಮುಟ್ಟಿ ದೊಡ್ಡವನಾಗುತ್ತಾನೆ. ದೊಡ್ಡವನಾದಾಗ ಕಾಲಾಳಾಗಿ ಉಳಿಯುವುದಿಲ್ಲ. ಕುರಿ ಹುಲಿಯಾಗುವುದೇ ಇಲ್ಲ. ಕುರಿಯಾಗಿಯೇ ಗೆಲ್ಲುತ್ತದೆ. ಸಂಡೂರಿನ ಗುಡ್ಡಗಳಲ್ಲಿ, ಕಂಪ್ಲಿ-ಹೊಸಪೇಟೆಗಳ ಬಯಲಿನಲ್ಲಿ ಮಂದೆ ಕಾಯ್ದ ಜನರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಾವ್ಯ ಈ ಸತ್ಯವನ್ನು ಕಂಡಿದೆ, ಆದರೆ ಹೆಚ್ಚಾಗಿ ಹುಲಿಯ ಕಡೆಯಿಂದ. ಕಂಪ್ಲಿಯ ನೆಲದ ಕಥೆಯನ್ನೇ ತೆಗೆದುಕೊಳ್ಳಬಹುದು. 1327ರ ವೇಳೆಗೆ ದೆಹಲಿಯ ಸೇನೆಗೆ ಸಿಲುಕಿ ಅಳಿದ ಕಂಪಿಲ ರಾಜ್ಯದ ಕುಮಾರರಾಮನನ್ನು ನಂಜುಂಡ ಕವಿಯ ಸಾಂಗತ್ಯವೂ ಜನಪದ ಪರಂಪರೆಯೂ ಅಪ್ರತಿಮ ವೀರನನ್ನಾಗಿ ಚಿತ್ರಿಸಿವೆ. ಸುಲ್ತಾನನ ದಳಪತಿಗಳನ್ನು ಹಿಮ್ಮೆಟ್ಟಿಸಿದ ಆ ವೀರನಿಗೆ ಕೊನೆಗೆ ಎದುರಾಗುವವಳು ಮಾತಂಗಿ. ಹೆಣ್ಣು, ಅದರಲ್ಲೂ ಕೀಳೆಂದೆಣಿಸಿದ ಕುಲದವಳು. ಇತಿಹಾಸಕ್ಕಿಂತ ಕಾವ್ಯಕ್ಕೇ ಹೆಚ್ಚು ಸೇರಿದ ಈ ಪಾತ್ರದ ಮುಂದೆ ವೀರಧರ್ಮದ ಸೂತ್ರಗಳೆಲ್ಲ ತಬ್ಬಿಬ್ಬಾಗುತ್ತವೆ. ಯಾರೊಡನೆ ಕಾದುವುದು ತನ್ನ ಘನತೆಗೆ ತಕ್ಕುದಲ್ಲವೆಂದು ವೀರನ ಲೋಕ ಬಗೆದಿತ್ತೋ ಅವಳ ಕಡೆಯಿಂದಲೇ ಅಂತ್ಯ ಬರುತ್ತದೆ. ವಿಮರ್ಶೆ ಇದನ್ನು ವಿಧಿಯೆಂದೋ ಔದಾರ್ಯವೆಂದೋ ಓದಿದರೆ ಸಾಲದು. ತಿರಸ್ಕಾರವೇ ಇಲ್ಲಿ ತೆರೆದುಬಿಟ್ಟ ಮನೆ.

ಜೈನ ಕಾವ್ಯ ಇದನ್ನು ಇನ್ನಷ್ಟು ನಿಷ್ಠುರವಾಗಿ ನೋಡಿತು. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ರಾಜನ ಪ್ರತಿಸ್ಪರ್ಧಿ ಇನ್ನೊಬ್ಬ ರಾಜನಲ್ಲ, ಅಷ್ಟಾವಂಕನೆಂಬ ವಿಕಾರರೂಪಿ ಮಾವುತ. ಕಣ್ಣೆದುರೇ ಎಲ್ಲವನ್ನೂ ಕಂಡು ಕತ್ತಿಯೆತ್ತಿದ ಯಶೋಧರ ಹೊಡೆಯದೆ ಹಿಂದೆ ಸರಿಯುತ್ತಾನೆ. ಅನಂತರ ಅವನು ಬಲಿಕೊಡುವುದು ಹಿಟ್ಟಿನ ಕೋಳಿಯನ್ನು. ಜೀವವಿಲ್ಲದ, ಮಕ್ಕಳಾಟಿಕೆಯಂಥ ವಸ್ತು. ಆ ಕ್ಷುಲ್ಲಕ ವಸ್ತುವಿನ ಮೇಲೆ ಎತ್ತಿದ ಕೈಯ ಹಿಂದಿನ ಸಂಕಲ್ಪವೇ ಭವಭವಗಳಲ್ಲಿ ಅವನನ್ನು ಬೆನ್ನಟ್ಟುತ್ತದೆ. ಆ ಭವಗಳ ನಡುವೆ ರಾಜನು ಆಡಾಗಿಯೂ ಹುಟ್ಟುತ್ತಾನೆ. ಹಾಸುಗಲ್ಲಿನ ಆಟದಲ್ಲಿಯೂ ಒಂದು ಸುತ್ತು ಮುಗಿದೊಡನೆ ಹುಲಿ ಹಿಡಿದವನು ಕುರಿ ಹಿಡಿಯಬೇಕು. ಪಕ್ಷ ಬದಲಾಯಿಸುವ ಈ ನಿಯಮದಿಂದ ಬಲಿಷ್ಠನಾದವನು ದುರ್ಬಲನ ಕಣ್ಣಿನಿಂದ ಅದೇ ಗೆರೆಗಳನ್ನು ನೋಡಬೇಕಾಗುತ್ತದೆ. ವೀರಕಾವ್ಯ ಓದುಗನಿಗೆ ಸಾಮಾನ್ಯವಾಗಿ ಕೊಡದ ಅವಕಾಶವಿದು.

ವಿಜಯನಗರದ ಪತನವನ್ನೂ ಈ ಬೆಳಕಿನಲ್ಲಿ ಮತ್ತೆ ನೋಡಬಹುದು. ಅಳಿಯ ರಾಮರಾಯನ ರಾಜನೀತಿ ದಖ್ಖನಿನ ಸುಲ್ತಾನರನ್ನು ಒಬ್ಬರಿಂದ ಒಬ್ಬರನ್ನು ಬೇರ್ಪಡಿಸಿ ನಿಲ್ಲಿಸಿದ್ದರ ಮೇಲೆ ನಿಂತಿತ್ತು. ಒಮ್ಮೆ ಅಹಮದ್‌ನಗರದೊಡನೆ ಸೇರಿ ಬಿಜಾಪುರದ ಮೇಲೆ, ಇನ್ನೊಮ್ಮೆ ಬಿಜಾಪುರದೊಡನೆ ಸೇರಿ ಅಹಮದ್‌ನಗರದ ಮೇಲೆ. ಪ್ರತಿ ಸಲವೂ ಎದುರಾಳಿಯ ಬೆನ್ನ ಹಿಂದಿನ ಮನೆ ಖಾಲಿಯಿತ್ತು. ಸುಲ್ತಾನರ ರಾಯಭಾರಿಗಳನ್ನು ಅವನು ಅವಮಾನಕರವಾಗಿ ನಡೆಸಿಕೊಂಡನೆಂದು ಫೆರಿಷ್ತಾ ಬರೆಯುತ್ತಾನೆ. 1565ರಲ್ಲಿ ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಒಂದೇ ಸಾಲಿನಲ್ಲಿ ನಿಂತವು. ಸುಲ್ತಾನರು ಕುರಿಗಳಾಗಿರಲಿಲ್ಲ, ಫೆರಿಷ್ತಾನೂ ನಿಷ್ಪಕ್ಷಪಾತಿಯಲ್ಲ. ಆ ಯುದ್ಧಕ್ಕೆ ಫಿರಂಗಿ, ಕುದುರೆ, ಒಳದ್ರೋಹ ಮುಂತಾದ ಕಾರಣಗಳನ್ನು ಇತಿಹಾಸಕಾರರು ಚರ್ಚಿಸಿದ್ದಾರೆ. ಆದರೂ ಒಬ್ಬೊಬ್ಬರಾಗಿ ಲಘುವಾಗಿ ಕಂಡವರು ಒಟ್ಟಾದಾಗ ಏನಾಗುತ್ತದೆಂಬುದನ್ನು ಕಾಣಲು ರಾಜಧಾನಿಯ ಜಗಲಿಯ ಮೇಲಿನ ತ್ರಿಕೋನಕ್ಕಿಂತ ಸರಳವಾದ ನಕ್ಷೆ ಬೇಕಿಲ್ಲ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. ಈ ಗೆರೆಗಳಲ್ಲಿ ಇಸವಿಯಿಲ್ಲ, ಕೊರೆದವರ ಹೆಸರಿಲ್ಲ. ಕಾವಲುಗಾರನೋ ಯಾತ್ರಿಕನೋ ಕುರಿಗಾಹಿಯೋ, ಸಾಮ್ರಾಜ್ಯವಿದ್ದಾಗಲೋ ಅಳಿದ ಮೇಲೋ ಕೊರೆದಿರಬಹುದು. ಅವುಗಳಿಂದ ರಾಜಕೀಯ ತತ್ತ್ವವನ್ನು ಹಿಂಡುವುದು ಅತಿಯಲ್ಲವೇ? ಕೊರೆದವನ ಮನಸ್ಸಿನಲ್ಲಿ ರಾಮರಾಯನಿದ್ದನೆಂದು ಹೇಳಿದರೆ ಅದು ಖಂಡಿತ ಅತಿ. ಆದರೆ ಆಟದ ನಿಯಮ ಕೊರೆದವನ ಉದ್ದೇಶವನ್ನು ಅವಲಂಬಿಸಿಲ್ಲ. ಗಾದೆಯ ಕರ್ತೃ ಯಾರೆಂದು ತಿಳಿಯದಿದ್ದರೂ ಗಾದೆಯನ್ನು ಲೋಕಜ್ಞಾನದ ಆಕರವೆಂದು ಒಪ್ಪುವ ವಿದ್ವತ್ತು ಆಟಕ್ಕೆ ಮಾತ್ರ ಬೇರೆ ಅಳತೆಗೋಲು ಹಿಡಿಯಬೇಕಾಗಿಲ್ಲ.

ಅಳತೆಗೋಲಿನ ಈ ಭೇದಕ್ಕೆ ನಿಜವಾದ ಬೆಲೆಯುಂಟು. ಹಂಪಿಯ ಸ್ಮಾರಕಗಳು 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಶಾಸನವಿರುವ ಕಲ್ಲು ಸ್ಥಾನಾಂತರವಾದರೂ ಅದರ ಪಾಠ ಮುದ್ರಣದಲ್ಲಿ ಉಳಿಯುತ್ತದೆ. ಆಟದ ಮನೆಯಿರುವ ಹಾಸುಗಲ್ಲು ಸವೆದರೆ, ಮಗುಚಿದರೆ, ದುರಸ್ತಿಯ ಸಮಯದಲ್ಲಿ ಬದಲಾದರೆ ಉಳಿಯುವುದು ಏನೂ ಇಲ್ಲ. ಪ್ರತಿ ನಕ್ಷೆಯ ಸ್ಥಳ, ಅಳತೆ, ಮನೆಗಳ ಸಂಖ್ಯೆ, ಛಾಯಾಚಿತ್ರ, ಸುತ್ತಲ ಊರುಗಳಲ್ಲಿ ಇಂದಿಗೂ ಆಡುವ ಹಿರಿಯರ ಬಾಯಿಂದ ಬರುವ ನಿಯಮ ಮತ್ತು ಪಾರಿಭಾಷಿಕ ಪದಗಳು ಇವಿಷ್ಟನ್ನು ಶಾಸನಸಂಪುಟದ ಶಿಸ್ತಿನಲ್ಲಿ ಸಂಗ್ರಹಿಸಬೇಕು. ಅದಕ್ಕೆ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕಿಂತ ಹತ್ತಿರದ, ಯೋಗ್ಯವಾದ ನೆಲೆ ಮತ್ತೊಂದಿಲ್ಲ. 2021ರಿಂದ ಹೊಸಪೇಟೆ-ಹಂಪಿಗಳು ವಿಜಯನಗರ ಜಿಲ್ಲೆಗೂ ಸಂಡೂರು-ಕಂಪ್ಲಿಗಳು ಬಳ್ಳಾರಿಗೂ ಸೇರಿರುವುದರಿಂದ ಸಮೀಕ್ಷೆ ಜಿಲ್ಲೆಯ ಗಡಿಯಲ್ಲಿ ನಿಲ್ಲದಂತೆಯೂ ಎಚ್ಚರ ವಹಿಸಬೇಕು. ಸಂಶೋಧನೆಗೆ ವಿಷಯ ಹುಡುಕುವ ವಿದ್ಯಾರ್ಥಿಗೆ ಇದು ಸಣ್ಣ ಕೆಲಸವೆಂದು ತೋರಬಹುದು. ಸಣ್ಣದೆಂದು ತೋರಿದ್ದನ್ನು ಕಡೆಗಣಿಸಿದ ಹುಲಿಯ ಗತಿ ಏನಾಯಿತೆಂಬುದು ಆ ಕಲ್ಲಿನ ಮೇಲೆಯೇ ಇದೆ.