ಹೇಳದೆ ಉಳಿಸಿದ ಸೌಕರ್ಯ

ತೊಂಬತ್ತರ ದಶಕದ ಬೇಸಗೆ ರಜೆಗಳಲ್ಲಿ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ನಡುಮನೆಗಳಲ್ಲಿ ಹಳದಿ ಕ್ಯಾಸೆಟ್ಟೊಂದನ್ನು ಟಿವಿ ಗೇಮಿಗೆ ಸಿಕ್ಕಿಸಿ ಮಾರಿಯೋ ಆಡುತ್ತ ಕುಳಿತ ಮಕ್ಕಳು, ಏಳನೆಯ ವರ್ಲ್ಡಿನವರೆಗೆ ಹೋಗಿ, ಪ್ರಾಣಗಳೆಲ್ಲ ತೀರಿದೊಡನೆ ಮತ್ತೆ ಮೊದಲಿನಿಂದ ಹೊರಡುತ್ತಿದ್ದುದನ್ನು ಕಂಡವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಆ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಿಳಿಯದಿದ್ದ ಸಂಗತಿಯೊಂದುಂಟು: ಆಟ ಮುಗಿದು ಮೊದಲ ಪರದೆ ಮರಳಿದಾಗ ಎ ಗುಂಡಿಯನ್ನು ಅದುಮಿ ಹಿಡಿದು ಸ್ಟಾರ್ಟ್ ಒತ್ತಿದರೆ, ಸೋತ ವರ್ಲ್ಡಿನ ಮೊದಲ ಹಂತದಿಂದಲೇ ಮುಂದುವರಿಯಬಹುದಾಗಿತ್ತು. ನಿಂಟೆಂಡೊ ಸಂಸ್ಥೆ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ನೊಳಗೇ ಈ ದಯೆ ಅಡಗಿತ್ತು, ಪರದೆಯ ಮೇಲೆ ಅದರ ಸುಳಿವು ಒಂದಕ್ಷರದಷ್ಟೂ ಇರಲಿಲ್ಲ. ಕರೆಂಟು ಹೋದರೆ ಅದೂ ಅಳಿಯುತ್ತಿತ್ತು, ಆ ಮಾತು ಬೇರೆ.

ರಹಸ್ಯವೇ ಆಟದ ಸೊಗಸು ಎಂಬ ವಾದವುಂಟು. ಅದನ್ನು ಅರ್ಧದಷ್ಟು ಒಪ್ಪುತ್ತೇನೆ. 1-2ರ ನೆಲಮಾಳಿಗೆಯಲ್ಲಿ ಛಾವಣಿಯ ಮೇಲೆ ಹತ್ತಿ ಓಡಿದ ಹುಡುಗನಿಗೆ ಮುಂದಿನ ವರ್ಲ್ಡುಗಳಿಗೆ ಒಯ್ಯುವ ಮೂರು ಕೊಳವೆಗಳು ದೊರೆಯುವುದು ಅವನ ಕುತೂಹಲಕ್ಕೆ ಸಂದ ನ್ಯಾಯವಾದ ಸಂಭಾವನೆ; ಆಡುತ್ತ ಆಡುತ್ತಲೇ ಅದು ಕೈಗೆ ಸಿಗುವಂಥದು. ಎ-ಸ್ಟಾರ್ಟುಗಳ ಮರ್ಮವನ್ನಾದರೋ, ಕೈಪಿಡಿಯಿಲ್ಲದೆ ಬರುತ್ತಿದ್ದ ಅಗ್ಗದ ನಕಲು ಯಂತ್ರಗಳೇ ಹೆಚ್ಚಾಗಿದ್ದ ನಮ್ಮಲ್ಲಿ, ಅಮೆರಿಕದಿಂದ ಬಂದ ಸೋದರಮಾವನೋ ಪಕ್ಕದ ಬೀದಿಯ ಜಾಣನೋ ಕಿವಿಯಲ್ಲಿ ಉಸುರದೆ, ಕೇವಲ ಕೌಶಲದಿಂದ ಅರಿಯುವ ಬಗೆಯಿರಲಿಲ್ಲ. ಕಚೇರಿಗಳಲ್ಲಿ ನಾವು ಕಂಡುಬಲ್ಲ ವಶೀಲಿಯ ಜಾತಿಗೆ ಇದು ಸೇರಿದುದು. ಸೌಕರ್ಯವನ್ನು ಕಲ್ಪಿಸಿದವನೇ ಅದನ್ನು ಪರದೆಯ ಮೇಲೆ ಸಾರಬೇಕಾದುದು ಧರ್ಮ.

ಅದೇ ಸಂಸ್ಥೆಯ ‘ದಿ ಲೆಜೆಂಡ್ ಆಫ್ ಜೆಲ್ಡಾ’ 1987ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಕ್ಯಾಸೆಟ್ಟಿನೊಳಗೆ ಪುಟ್ಟ ಬ್ಯಾಟರಿಯನ್ನಿರಿಸಿ, ವಿದ್ಯುತ್ತು ಆರಿದರೂ ಆಟದ ಸ್ಥಿತಿ ಉಳಿಯುವಂತೆ ಮಾಡಿದ್ದರು. ಅಲ್ಲಿಯೂ ಸೇವ್ ಮಾಡುವ ಪಟ್ಟಿ ತಾನಾಗಿ ಕಾಣಿಸುತ್ತಿದ್ದುದು ನಾಯಕನು ಸತ್ತ ಬಳಿಕವೇ. ಸಾಯದೆ ಸೇವ್ ಮಾಡಬೇಕಾದರೆ ಸಾಮಗ್ರಿಗಳ ಪರದೆಯನ್ನು ತೆರೆದು, ಎರಡನೆಯ ಆಟಗಾರನ ರಿಮೋಟಿನಲ್ಲಿ ಮೇಲಿನ ಬಾಣವನ್ನೂ ಎ ಗುಂಡಿಯನ್ನೂ ಒಟ್ಟಿಗೆ ಒತ್ತಬೇಕಾಗಿತ್ತು. ಒಬ್ಬನೇ ಆಡುವ ಆಟಕ್ಕೆ ಎರಡನೆಯವನ ರಿಮೋಟು!

ಸ್ಥಳವಿರಲಿಲ್ಲವೆಂದು ತಯಾರಕರ ಪರವಾಗಿ ಹೇಳಬಹುದು. ಮಾರಿಯೋವಿನ 32 ಹಂತಗಳೂ ಚಿತ್ರಗಳೂ ಸಂಗೀತವೂ ಸೇರಿ 40 ಕಿಲೋಬೈಟುಗಳೊಳಗೆ ಅಡಕವಾಗಿದ್ದವೆಂಬುದು ದಿಟ. ಆ ಮಿತವ್ಯಯದ ಕುಶಲತೆಗೆ ಯಾರಾದರೂ ತಲೆದೂಗಬೇಕು. ಆದರೆ ಒಂದರಿಂದ ಏಳರವರೆಗಿನ ಪ್ರತಿಯೊಂದು ವರ್ಲ್ಡಿನ ಕೊನೆಯಲ್ಲಿ, ಕೋಟೆಯನ್ನು ಗೆದ್ದು ಬಂದವನಿಗೆ ವಂದನೆ ಹೇಳಿ, ರಾಜಕುಮಾರಿ ಬೇರೊಂದು ಕೋಟೆಯಲ್ಲಿದ್ದಾಳೆಂದು ತಿಳಿಸುವುದಕ್ಕೆ ಆ ನಲವತ್ತರಲ್ಲಿಯೇ ಎಡೆ ದೊರಕಿತ್ತು. ಎ ಗುಂಡಿಯನ್ನು ಹಿಡಿದುಕೊಳ್ಳಿ ಎನ್ನುವುದಕ್ಕೆ ಅಷ್ಟು ಕೂಡ ಬೇಕಿರಲಿಲ್ಲ.